ಕಾರ್ಖಾನೆ ಹಸಿರಾಯಿತು, ಕಾರು? ಟೊಯೊಟದ ಪರಿಸರ ಗುರಿಗಳನ್ನು ಓದುವ ಬಗೆ

2024ರ ಸೆಪ್ಟೆಂಬರ್ ಮೊದಲ ವಾರ ಕಾರು ಲೋಕದಿಂದ ಎರಡು ಸುದ್ದಿ ಬಂದವು. 2030ರ ಹೊತ್ತಿಗೆ ಬರೀ ವಿದ್ಯುತ್ ಕಾರುಗಳನ್ನೇ ಮಾರುತ್ತೇವೆ ಎಂದು 2021ರಲ್ಲಿ ಸಾರಿದ್ದ ವೋಲ್ವೊ ಕಾರ್ಸ್ ಆ ಮಾತಿನಿಂದ ಹಿಂದೆ ಸರಿಯಿತು. ಪ್ಲಗ್-ಇನ್ ಹೈಬ್ರಿಡ್‌ಗಳನ್ನೂ ಸೇರಿಸಿಕೊಂಡು ಮಾರಾಟದ ಶೇ 90ರಿಂದ 100 ಎಂಬುದು ಅದರ ಹೊಸ ಗುರಿ. ಪ್ಲಗ್-ಇನ್ ಎಂದರೆ ಎಂಜಿನ್ ಜತೆಗೆ, ಪ್ಲಗ್ ಹಾಕಿ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರು. 2026ರಲ್ಲಿ 15 ಲಕ್ಷ ವಿದ್ಯುತ್ ಕಾರು ಎಂದಿದ್ದ ಟೊಯೊಟ ತನ್ನ ಯೋಜನೆಯನ್ನು ಸುಮಾರು 10 ಲಕ್ಷಕ್ಕೆ ಇಳಿಸಿದೆ ಎಂದು ಅದೇ ವಾರ ಜಪಾನಿನ ಮಾಧ್ಯಮಗಳು ವರದಿ ಮಾಡಿದವು. 15 ಲಕ್ಷ ಎಂಬುದು ಗುರಿಯಲ್ಲ, ಷೇರುದಾರರಿಗೆ ಕೊಟ್ಟ ಒಂದು ಅಂದಾಜು ಮಟ್ಟ ಎಂಬುದು ಕಂಪನಿಯ ವಿವರಣೆ. ಮರ್ಸಿಡಿಸ್ ಬೆಂಜ್ ಫೆಬ್ರುವರಿಯಲ್ಲೇ ತನ್ನ ಗಡುವನ್ನು ಮುಂದೂಡಿತ್ತು.

ಇಷ್ಟಾದರೂ ಈ ಕಂಪನಿಗಳ ವಾರ್ಷಿಕ ಪರಿಸರ ವರದಿಗಳನ್ನು ತೆರೆದರೆ ಗುರಿಯತ್ತ ಹೆಜ್ಜೆ ಸರಿಯಾಗಿಯೇ ಇದೆ ಎಂಬ ಧಾಟಿ. ಕಾರ್ಖಾನೆಗಳು 2035ಕ್ಕೆ ಇಂಗಾಲ ತಟಸ್ಥ, ನೀರು ಮರುಬಳಕೆ, ಗಿಡ ನೆಡುವಿಕೆ, ಎಲ್ಲಕ್ಕೂ ಏರುವ ಗ್ರಾಫು. ಹಾಗಾದರೆ ಯಾವುದು ಸುಳ್ಳು? ವಿಚಿತ್ರವೆಂದರೆ ಎರಡೂ ನಿಜವಾಗಿರಬಹುದು. ಏಕೆಂದರೆ ಒಂದೇ ಕಂಪನಿ ಹಲವು ಅಳತೆಗೋಲುಗಳನ್ನು ಇಟ್ಟುಕೊಂಡಿರುತ್ತದೆ. ಟೊಯೊಟವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದು ಜಗತ್ತಿನಲ್ಲೇ ಅತಿ ಹೆಚ್ಚು ಕಾರು ಮಾರುವ ಕಂಪನಿ. ಅದರ ಭಾರತದ ಕಾರ್ಖಾನೆ ನಮ್ಮ ಬಿಡದಿಯಲ್ಲೇ ಇದೆ.

ಹಗರಣದ ಬೆನ್ನಿಗೇ ಬಂದ ಗುರಿ

ಟೊಯೊಟ ತನ್ನ ‘ಪರಿಸರ ಸವಾಲು 2050’ ಅನ್ನು ಘೋಷಿಸಿದ್ದು 2015ರ ಅಕ್ಟೋಬರ್ 14ರಂದು. ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣ ಬಯಲಾಗಿ ಆಗಿನ್ನೂ ತಿಂಗಳು ತುಂಬಿರಲಿಲ್ಲ. ಪ್ರಯೋಗಾಲಯದ ಪರೀಕ್ಷೆಯನ್ನು ಗುರುತಿಸಿ ಹೊಗೆ ತಗ್ಗಿಸಿ, ರಸ್ತೆಗಿಳಿದ ಮೇಲೆ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುವ ತಂತ್ರಾಂಶ ಆ ಕಾರುಗಳಲ್ಲಿತ್ತು. ವಾಹನ ಉದ್ಯಮದ ಮಾತಿಗೆ ಬೆಲೆಯೇ ಇಲ್ಲದಂತಾಗಿದ್ದ ಹೊತ್ತು ಅದು. ಎರಡು ತಿಂಗಳಲ್ಲಿ ಪ್ಯಾರಿಸ್ ಹವಾಮಾನ ಸಮಾವೇಶವೂ ಇತ್ತು. 1997ರಲ್ಲೇ ಪ್ರಿಯಸ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್‌ಗೆ ವಿದ್ಯುತ್ ಮೋಟಾರಿನ ನೆರವಿರುವ, ಪ್ಲಗ್ ಹಾಕಬೇಕಿಲ್ಲದ ಕಾರು) ತಂದಿದ್ದ ಟೊಯೊಟ, ನಾವು ಬೇರೆ ಎಂದು ಹೇಳಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ.

ಆ ಘೋಷಣೆಯಲ್ಲಿ ಆರು ಸವಾಲುಗಳಿವೆ. ಹೊಸ ವಾಹನಗಳಿಂದ ಬರುವ ಇಂಗಾಲದ ಡೈಆಕ್ಸೈಡ್, ವಾಹನದ ಇಡೀ ಆಯುಷ್ಯದ ಹೊರಸೂಸುವಿಕೆ, ಕಾರ್ಖಾನೆಗಳ ಹೊರಸೂಸುವಿಕೆ ಎಂಬ ಮೂರು ಶೂನ್ಯದತ್ತ ಸಾಗಬೇಕಾದವು. ನೀರಿನ ಮಿತಬಳಕೆ, ಮರುಬಳಕೆ, ನಿಸರ್ಗದೊಂದಿಗೆ ಸಹಬಾಳ್ವೆ ಉಳಿದ ಮೂರು. ಮೊದಲ ಸವಾಲಿನಲ್ಲಿ ಮಾತ್ರ ಗಟ್ಟಿ ಅಂಕಿ ಇದೆ: ಹೊಸ ಕಾರುಗಳ ಸರಾಸರಿ ಹೊರಸೂಸುವಿಕೆ 2050ಕ್ಕೆ, 2010ಕ್ಕೆ ಹೋಲಿಸಿದರೆ ಶೇ 90ರಷ್ಟು ಇಳಿಯಬೇಕು.

ಮುಂದಿನ ವರ್ಷಗಳಲ್ಲಿ ಇದಕ್ಕೆ ನಡುವಿನ ಮೆಟ್ಟಿಲುಗಳು ಸೇರಿದವು. ಕಾರ್ಖಾನೆಗಳನ್ನು 2035ಕ್ಕೇ ಇಂಗಾಲ ತಟಸ್ಥ ಮಾಡುತ್ತೇವೆ ಎಂದು 2021ರಲ್ಲಿ ಹೇಳಿತು. ಮಾರಿದ ಕಾರುಗಳ ಸರಾಸರಿ ಹೊರಸೂಸುವಿಕೆಯನ್ನು 2019ರ ಮಟ್ಟದಿಂದ 2030ಕ್ಕೆ ಶೇ 33ರಷ್ಟು, 2035ಕ್ಕೆ ಶೇ 50ಕ್ಕಿಂತ ಹೆಚ್ಚು ತಗ್ಗಿಸುವುದಾಗಿ 2023ರ ಏಪ್ರಿಲ್‌ನಲ್ಲಿ ಆಗಿನ ಹೊಸ ಅಧ್ಯಕ್ಷ ಕೋಜಿ ಸಾಟೊ ಪ್ರಕಟಿಸಿದರು. 15 ಲಕ್ಷ ವಿದ್ಯುತ್ ಕಾರಿನ ಮಾತು ಬಂದದ್ದೂ ಅದೇ ದಿನ.

2015ರ ಲೆಕ್ಕ 2010ರಿಂದ ಶುರುವಾದರೆ 2023ರದ್ದು 2019ರಿಂದ. ಇದು ಮೋಸವಲ್ಲ, ಆದರೆ ಓದುಗ ಎಡವುವುದು ಇಲ್ಲೇ. ‘ಶೇ 33 ಕಡಿತ’ ಎಂದಾಗ ಯಾವ ವರ್ಷದಿಂದ, ಯಾವುದರ ಮೇಲೆ ಎಂದು ಕೇಳದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ಹೊಗೆ ಇರುವುದು ಎಲ್ಲಿ

ಹೊರಸೂಸುವಿಕೆಯ ಲೆಕ್ಕದಲ್ಲಿ ಮೂರು ವಲಯಗಳಿವೆ. ಕಂಪನಿಯ ಆವರಣದಲ್ಲೇ ಉರಿಯುವ ಇಂಧನ ಒಂದನೆಯದು. ಕೊಳ್ಳುವ ವಿದ್ಯುತ್ತಿನ ಹಿಂದಿನ ಹೊಗೆ ಎರಡನೆಯದು. ಮೂರನೆಯದರಲ್ಲಿ ಉಕ್ಕು, ಅಲ್ಯೂಮಿನಿಯಂ, ಬ್ಯಾಟರಿ ಪೂರೈಸುವವರಿಂದ ಹಿಡಿದು ಗ್ರಾಹಕ ಹತ್ತಾರು ವರ್ಷ ಕಾರು ಓಡಿಸುವವರೆಗೆ ಎಲ್ಲವೂ ಬರುತ್ತದೆ. ಪೆಟ್ರೋಲ್, ಡೀಸೆಲ್ ಕಾರು ಮಾರುವ ಯಾವ ಕಂಪನಿಯ ಲೆಕ್ಕ ತೆಗೆದರೂ ಚಿತ್ರ ಹೆಚ್ಚುಕಡಿಮೆ ಒಂದೇ: ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಹೊಗೆ ಕಾರು ಮಾರಾಟವಾದ ಮೇಲೆ ರಸ್ತೆಯಲ್ಲಿ ಬರುತ್ತದೆ. ಮೊದಲೆರಡು ವಲಯ ಸೇರಿಸಿದರೂ ಸಿಗುವುದು ನೂರರಲ್ಲಿ ಒಂದೆರಡು ಪಾಲು.

ಬೀಡಿ ಕಾರ್ಖಾನೆಯೊಳಗೆ ಧೂಮಪಾನ ನಿಷೇಧಿಸಿದರೆ ಕೆಲಸಗಾರರಿಗೆ ಒಳ್ಳೆಯದೇ. ಆದರೆ ಊರಿನ ಹೊಗೆ ಅದರಿಂದ ಕಡಿಮೆಯಾಗದು.

ಹಾಗಿದ್ದೂ ವರದಿಗಳಲ್ಲಿ ಎದ್ದು ಕಾಣುವುದು ಕಾರ್ಖಾನೆಯೇ. ಕಾರಣ ಸರಳ. ಅಲ್ಲಿ ತೀರ್ಮಾನ ಕಂಪನಿಯದು, ಖರ್ಚು ಕಡಿಮೆ, ಫಲ ಬೇಗ. ಬಿಡದಿಯನ್ನೇ ನೋಡಿ. ಗ್ರಿಡ್‌ನಿಂದ ಪಡೆಯುವ ವಿದ್ಯುತ್ತಿನಲ್ಲಿ ಪೂರ್ತಿ ನವೀಕರಿಸಬಹುದಾದ ಮೂಲದ್ದನ್ನೇ ಬಳಸುತ್ತೇವೆ ಎಂದು ಟೊಯೊಟ ಕಿರ್ಲೋಸ್ಕರ್ ಮೋಟಾರ್ ಹೇಳುತ್ತದೆ. ಕರ್ನಾಟಕದಲ್ಲಿ ಇದು ಸಾಧ್ಯವಾಗುವುದಕ್ಕೆ ಕಾರಣ ರಾಜ್ಯದ ಬಿಸಿಲು ಮತ್ತು ಗಾಳಿ. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ, ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ದೊಡ್ಡ ಕೈಗಾರಿಕೆಗಳು ಇಂಥ ಉತ್ಪಾದಕರೊಂದಿಗೆ ನೇರ ಒಪ್ಪಂದ ಮಾಡಿಕೊಂಡು, ಗ್ರಿಡ್ ತಂತಿಗೆ ಶುಲ್ಕ ಕಟ್ಟಿ ವಿದ್ಯುತ್ ತರಿಸಿಕೊಳ್ಳಬಹುದು. ಎಷ್ಟೋ ವೇಳೆ ಇದು ಎಸ್ಕಾಂ ದರಕ್ಕಿಂತ ಅಗ್ಗ. ಪರಿಸರಕ್ಕೂ ಆಯಿತು, ಬಿಲ್ಲೂ ಇಳಿಯಿತು.

ಈ ಲೆಕ್ಕ ಕಾಗದದ ಮೇಲೆ ಸರಿ. ಆದರೆ ರಾತ್ರಿ ಪಾಳಿಯ ಹೊತ್ತಿಗೆ ಸೂರ್ಯ ಇರುವುದಿಲ್ಲ. ಆಗ ತಂತಿಯಲ್ಲಿ ಬರುವುದು ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನದ್ದೂ ಬೆರೆತ ವಿದ್ಯುತ್ತೇ. ಹಗಲು ಗ್ರಿಡ್‌ಗೆ ಸೇರಿಸಿದ ಹೆಚ್ಚುವರಿ ಯೂನಿಟ್‌ಗಳನ್ನು ಇದಕ್ಕೆ ಸರಿದೂಗಿಸಿ ಲೆಕ್ಕ ಮುಗಿಸಲಾಗುತ್ತದೆ. ಇನ್ನೊಂದು ಮಾತೂ ಇದೆ. ಕಾರು ಕಾರ್ಖಾನೆಯಲ್ಲಿ ಅತಿ ಹೆಚ್ಚು ಶಕ್ತಿ ತಿನ್ನುವುದು ಬಣ್ಣದ ವಿಭಾಗ. ಅದರ ಒಲೆಗಳಲ್ಲಿ ಸಾಮಾನ್ಯವಾಗಿ ಅನಿಲ ಉರಿಯುತ್ತದೆ. ‘ಶೇ 100 ನವೀಕರಿಸಬಹುದಾದ ವಿದ್ಯುತ್’ ಎಂಬ ಮಾತು ಆ ಅನಿಲವನ್ನು ಮುಟ್ಟುವುದಿಲ್ಲ.

ನೀರಿನ ಕಥೆಯೂ ಹೀಗೇ. ಕಾರ್ಖಾನೆ ಮಳೆನೀರು ಹಿಡಿಯುತ್ತದೆ, ಬಳಸಿದ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸುತ್ತದೆ. ಒಳ್ಳೆಯ ಕೆಲಸ. ಆದರೆ ಅಲ್ಲೇ ಪಕ್ಕದ ಬೈರಮಂಗಲ ಕೆರೆಗೆ ವೃಷಭಾವತಿ ಹೊತ್ತು ತರುವುದು ಬೆಂಗಳೂರಿನ ಕೊಳಚೆಯನ್ನು. ಕಾಂಪೌಂಡಿನೊಳಗಿನ ಗುರಿ ಎಷ್ಟೇ ಚೆನ್ನಾಗಿ ಮುಟ್ಟಿದರೂ ಕಾಂಪೌಂಡಿನಾಚೆಯ ನೀರಿಗೆ ಅದರಿಂದ ಹೆಚ್ಚೇನೂ ಆಗದು.

ಸರಾಸರಿಯೊಳಗೆ ಅಡಗುವುದು

ಈಗ ಮೂರನೆಯ ವಲಯಕ್ಕೆ ಬರೋಣ. ಟೊಯೊಟದ ಶೇ 33 ಮತ್ತು ಶೇ 50ರ ಗುರಿಗಳು ಒಟ್ಟು ಹೊಗೆಯ ಮೇಲಲ್ಲ, ಪ್ರತಿ ಕಾರಿನ ಸರಾಸರಿಯ ಮೇಲೆ. ಸರಾಸರಿ ಇಳಿದು ಮಾರಾಟ ಏರಿದರೆ ಒಟ್ಟು ಹೊಗೆ ನಿರೀಕ್ಷಿಸಿದಷ್ಟು ಇಳಿಯುವುದಿಲ್ಲ. ವಾತಾವರಣಕ್ಕೆ ಗೊತ್ತಾಗುವುದು ಒಟ್ಟು ಮೊತ್ತ ಮಾತ್ರ. ಕಂಪನಿಗಳು ಸರಾಸರಿಯನ್ನೇ ಇಷ್ಟಪಡುವುದಕ್ಕೆ ಒಂದು ನ್ಯಾಯವಾದ ಕಾರಣವೂ ಇದೆ ಎನ್ನಿ: ಒಟ್ಟು ಮೊತ್ತವನ್ನು ಗುರಿಯಾಗಿಸಿದರೆ ಮಾರಾಟ ಕುಸಿದ ವರ್ಷವೇ ‘ಪರಿಸರ ಸಾಧನೆ’ಯ ವರ್ಷವಾಗಿಬಿಡುತ್ತದೆ.

ಎರಡನೆಯ ತೊಡಕು ಪರೀಕ್ಷೆ ಮತ್ತು ರಸ್ತೆಯ ನಡುವಿನ ಅಂತರ. ಐರೋಪ್ಯ ಆಯೋಗ ಕಾರುಗಳೊಳಗಿನ ಮೀಟರ್‌ಗಳಿಂದಲೇ ಮಾಹಿತಿ ಪಡೆದು 2024ರಲ್ಲಿ ವರದಿ ಪ್ರಕಟಿಸಿತು. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ನಿಜವಾದ ಹೊರಸೂಸುವಿಕೆ ಪ್ರಮಾಣಪತ್ರದ ಅಂಕಿಗಿಂತ ಸುಮಾರು ಶೇ 20ರಷ್ಟು ಹೆಚ್ಚು. ಪ್ಲಗ್-ಇನ್ ಹೈಬ್ರಿಡ್‌ಗಳಲ್ಲಿ ಅದು ಮೂರೂವರೆ ಪಟ್ಟು! ಕಾರಣ, ಜನ ಅವನ್ನು ಪರೀಕ್ಷೆಯಲ್ಲಿ ಊಹಿಸಿದಷ್ಟು ಚಾರ್ಜ್ ಮಾಡುವುದೇ ಇಲ್ಲ. ವೋಲ್ವೊ ತನ್ನ ಹೊಸ ಗುರಿಯಲ್ಲಿ ಪ್ಲಗ್-ಇನ್‌ಗಳನ್ನು ಸೇರಿಸಿಕೊಂಡದ್ದು ಸಣ್ಣ ತಿದ್ದುಪಡಿಯಲ್ಲ ಎನ್ನುವುದು ಇದಕ್ಕೇ.

ಅಳೆಯುವವರ ಮೇಲಿನ ನಂಬಿಕೆಯ ಪ್ರಶ್ನೆ ಟೊಯೊಟ ಬಳಗವನ್ನೂ ಬಿಟ್ಟಿಲ್ಲ. ಎಂಜಿನ್‌ಗಳ ಹೊಗೆ ಮತ್ತು ಇಂಧನ ದಕ್ಷತೆಯ ಮಾಹಿತಿ ತಿರುಚಿದ್ದನ್ನು ಬಳಗದ ಟ್ರಕ್ ಕಂಪನಿ ಹಿನೊ 2022ರಲ್ಲಿ ಒಪ್ಪಿಕೊಂಡಿತು. 2024ರ ಜನವರಿಯಲ್ಲಿ ಟೊಯೊಟ ಇಂಡಸ್ಟ್ರೀಸ್‌ನ ಡೀಸೆಲ್ ಎಂಜಿನ್ ಪರೀಕ್ಷೆಗಳ ಅಕ್ರಮ ಹೊರಬಿದ್ದಾಗ ಬಿಡದಿಯಿಂದ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ರವಾನೆ ಕೆಲಕಾಲ ನಿಂತಿತ್ತು. ಅದು ಹೊಗೆಯ ವಿಷಯವಲ್ಲ, ಎಂಜಿನ್ ಶಕ್ತಿಯ ಅಳತೆಯದ್ದು. ಆದರೂ ಪರೀಕ್ಷಾ ಕೊಠಡಿಯ ಅಂಕಿಯನ್ನು ಕಣ್ಣುಮುಚ್ಚಿ ನಂಬುವ ಕಾಲ ಮುಗಿಯಿತು ಎನ್ನುವುದಕ್ಕೆ ಸಾಕು.

1, 6, 90: ಟೊಯೊಟದ ವಾದ

2024ರಲ್ಲಿ ಟೊಯೊಟ ಮತ್ತು ಲೆಕ್ಸಸ್ ಹೆಸರಿನಲ್ಲಿ ಮಾರಾಟವಾದದ್ದು ಒಂದು ಕೋಟಿಗೂ ಹೆಚ್ಚು ವಾಹನ. ಪೂರ್ಣ ವಿದ್ಯುತ್ತಿನವು ಸುಮಾರು 1.4 ಲಕ್ಷ, ಅಂದರೆ ಶೇ 1.5ಕ್ಕೂ ಕಡಿಮೆ. ಹೈಬ್ರಿಡ್‌ಗಳು ಶೇ 40ರಷ್ಟು. ಇದನ್ನು ಕಂಪನಿ ಸೋಲು ಎನ್ನುವುದಿಲ್ಲ, ದಾರಿಯೇ ಅದು ಎನ್ನುತ್ತದೆ.

ಅದರ ಮುಖ್ಯ ವಿಜ್ಞಾನಿ ಗಿಲ್ ಪ್ರಾಟ್ ಮುಂದಿಡುವ ಲೆಕ್ಕ ಪ್ರಸಿದ್ಧ. ಹೆಚ್ಚು ದೂರ ಓಡುವ ಒಂದು ವಿದ್ಯುತ್ ಕಾರಿನ ಬ್ಯಾಟರಿಗೆ ಬೇಕಾದ ಖನಿಜದಿಂದ 6 ಪ್ಲಗ್-ಇನ್ ಅಥವಾ 90 ಹೈಬ್ರಿಡ್ ಕಾರು ಮಾಡಬಹುದು. ಆ 90 ಕಾರುಗಳು ಉಳಿಸುವ ಇಂಗಾಲ ಒಂದು ವಿದ್ಯುತ್ ಕಾರು ಉಳಿಸುವುದರ 37 ಪಟ್ಟು. ಲಿಥಿಯಂ ಕೊರತೆಯೇ ದೊಡ್ಡ ಅಡ್ಡಿ ಎಂದು ಒಪ್ಪಿದರೆ ವಾದ ಗಟ್ಟಿ. ಅದನ್ನು ಒಪ್ಪದ ವಿಮರ್ಶಕರು ಹೇಳುವುದು ಬೇರೆ: ಗಣಿ ಹೆಚ್ಚುತ್ತದೆ, ಬ್ಯಾಟರಿ ಅಗ್ಗವಾಗುತ್ತದೆ, ಲಿಥಿಯಂ ಮರುಬಳಕೆಗೆ ಬರುತ್ತದೆ, ಸುಟ್ಟ ಪೆಟ್ರೋಲ್ ಮಾತ್ರ ಮರಳಿ ಬಾರದು.

ಭಾರತದಲ್ಲಿ ಈ ವಾದಕ್ಕೆ ಇನ್ನೂ ಒಂದು ಬಲವಿದೆ, ಅದು ನಮ್ಮ ಕಲ್ಲಿದ್ದಲು. ಲೆಕ್ಕ ಹಾಕಿಯೇ ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಹೈಕ್ರಾಸ್‌ನ ಸಾದಾ ಪೆಟ್ರೋಲ್ ಮಾದರಿಯ ಪ್ರಮಾಣೀಕೃತ ಮೈಲೇಜ್ 16.13 ಕಿ.ಮೀ., ಹೈಬ್ರಿಡ್‌ನದ್ದು 23.24. ಅಂದರೆ ಕಿ.ಮೀ.ಗೆ ಸುಮಾರು 143 ಗ್ರಾಂ ಇದ್ದದ್ದು 99 ಗ್ರಾಂಗೆ ಇಳಿಯಿತು. ಇನ್ನು ವಿದ್ಯುತ್ ಕಾರು. ಭಾರತದ ಗ್ರಿಡ್‌ನಲ್ಲಿ ಒಂದು ಯೂನಿಟ್ ಉತ್ಪಾದನೆಗೆ ಸರಾಸರಿ 0.7 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂಥದ್ದೇ ಗಾತ್ರದ ಕಾರು ಯೂನಿಟ್‌ಗೆ 6 ಕಿ.ಮೀ. ಓಡಿತೆಂದರೆ ಕಿ.ಮೀ.ಗೆ 117 ಗ್ರಾಂ. ಮೇಲ್ನೋಟಕ್ಕೆ ಹೈಬ್ರಿಡ್ಡೇ ಗೆದ್ದಿತು!

ಆದರೆ ಎರಡೂ ಕಡೆ ಬಿಟ್ಟದ್ದನ್ನು ಸೇರಿಸಬೇಕು. ತಂತಿಯಲ್ಲಿ ಸೋರುವ ವಿದ್ಯುತ್ತನ್ನು ಶೇ 15 ಎಂದಿಟ್ಟುಕೊಂಡರೆ ವಿದ್ಯುತ್ ಕಾರಿನದ್ದು 137 ಗ್ರಾಂ ಆಗುತ್ತದೆ. ಹೈಬ್ರಿಡ್‌ಗೆ ಊರೊಳಗಿನ ರಸ್ತೆಯಲ್ಲಿ 23 ಸಿಗುವುದಿಲ್ಲ. 17 ಸಿಕ್ಕಿತೆಂದರೆ 135 ಗ್ರಾಂ, ಅದರ ಮೇಲೆ ಕಚ್ಚಾತೈಲ ಎತ್ತಿ, ಹಡಗಿನಲ್ಲಿ ತಂದು, ಮಂಗಳೂರಿನಲ್ಲೋ ಜಾಮ್‌ನಗರದಲ್ಲೋ ಸಂಸ್ಕರಿಸಿ ಬಂಕಿಗೆ ತಲುಪಿಸುವ ಹೊಗೆ ಸೇರಿದರೆ 155–160 ಆಗುತ್ತದೆ. ದೊಡ್ಡ ಬ್ಯಾಟರಿ ತಯಾರಿಸುವಾಗಿನ ಹೊಗೆಯನ್ನು ವಿದ್ಯುತ್ ಕಾರಿನ ತಲೆಗೆ ಹಾಕಿದರೆ ಅಂತರ ಮತ್ತೆ ಕಿರಿದಾಗುತ್ತದೆ. ಹಾಗಾಗಿ ಇವತ್ತಿನ ಭಾರತದಲ್ಲಿ ಒಳ್ಳೆಯ ಹೈಬ್ರಿಡ್ಡನ್ನು ತಳ್ಳಿಹಾಕಲಾಗದು ಎಂಬ ಟೊಯೊಟದ ಮಾತು ಪೊಳ್ಳಲ್ಲ.

ಪೊಳ್ಳಾಗುವುದು ಕಾಲ ಕಳೆದಂತೆ. ಇವತ್ತು ಕೊಂಡ ಕಾರು 2040ರಲ್ಲೂ ರಸ್ತೆಯಲ್ಲಿರುತ್ತದೆ. ಅಷ್ಟರಲ್ಲಿ ಗ್ರಿಡ್ ಬದಲಾಗಿರುತ್ತದೆ. 2025ರಲ್ಲೇ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧಕ್ಕೂ ಹೆಚ್ಚು ಪಳೆಯುಳಿಕೆಯೇತರ ಮೂಲಗಳದ್ದಾಯಿತು (ಉತ್ಪಾದನೆಯಲ್ಲಿ ಕಲ್ಲಿದ್ದಲೇ ಇನ್ನೂ ಮುಂದಿದೆ, ಎರಡನ್ನೂ ಬೆರೆಸಬಾರದು). ಗ್ರಿಡ್ ಶುದ್ಧವಾದಷ್ಟೂ ಮನೆ ಮುಂದೆ ನಿಂತ ಹಳೆಯ ವಿದ್ಯುತ್ ಕಾರೂ ತಾನಾಗಿ ಶುದ್ಧವಾಗುತ್ತದೆ. ಹೈಬ್ರಿಡ್ ಕೊಂಡ ದಿನ ಎಷ್ಟು ಉಗುಳುತ್ತಿತ್ತೋ ಕೊನೆಯ ದಿನವೂ ಅಷ್ಟೇ, ಇಲ್ಲವೇ ಸ್ವಲ್ಪ ಹೆಚ್ಚು.

ತನ್ನದೇ ಗುರಿ, ತನ್ನದೇ ವಾದಕ್ಕೆ ಅಡ್ಡ

ಟೊಯೊಟದ ವಿಮರ್ಶಕರು ಸಾಮಾನ್ಯವಾಗಿ ಅದನ್ನು ಟೆಸ್ಲಾ ಜತೆಗೋ ಚೀನಾದ ಬಿವೈಡಿ ಜತೆಗೋ ಹೋಲಿಸುತ್ತಾರೆ. ಅದರ ಅಗತ್ಯವೇ ಇಲ್ಲ, ಅದರ ಗುರಿಯ ಜತೆಗೇ ಹೋಲಿಸಿದರೆ ಸಾಕು. ಮೇಲಿನ ಹೈಕ್ರಾಸ್ ಉದಾಹರಣೆಯಲ್ಲಿ 143 ಗ್ರಾಂ 99ಕ್ಕೆ ಇಳಿದದ್ದು ಸುಮಾರು ಶೇ 31ರ ಕಡಿತ. ಸಾದಾ ಪೆಟ್ರೋಲ್ ಕಾರುಗಳನ್ನೆಲ್ಲ ಹೈಬ್ರಿಡ್ ಮಾಡಿದರೆ ಸಿಗುವ ಲಾಭದ ಅಂದಾಜು ಅದು. 2030ರ ಶೇ 33ರ ಗುರಿಯ ಹತ್ತಿರ ಹೈಬ್ರಿಡ್‌ಗಳೇ ಕರೆದೊಯ್ಯಬಹುದು, ಜತೆಗೆ ಒಂದಷ್ಟು ವಿದ್ಯುತ್ ಕಾರು ಇದ್ದರಾಯಿತು. 2019ರ ಹೊತ್ತಿಗೆ ಟೊಯೊಟದ ಮಾರಾಟದಲ್ಲಿ ಹೈಬ್ರಿಡ್‌ಗಳು ಆಗಲೇ ಗಣನೀಯವಾಗಿದ್ದರಿಂದ ಅಷ್ಟು ಸುಲಭವೂ ಅಲ್ಲ. 2035ರ ಶೇ 50 ಮಾತ್ರ ಹೈಬ್ರಿಡ್‌ನಿಂದ ಆಗುವ ಕೆಲಸವಲ್ಲ. 2050ರ ಶೇ 90 ಅಂತೂ ಪೆಟ್ರೋಲ್ ಟ್ಯಾಂಕ್ ಇರುವ ಕಾರಿಗೆ ಎಟುಕುವುದೇ ಇಲ್ಲ. ಇಂಧನವೇ ಬದಲಾಗಿ ಹಸಿರು ಹೈಡ್ರೋಜನ್ನೋ ಎಥನಾಲೋ ಆದರೆ ಮಾತು ಬೇರೆ. ಹೈಕ್ರಾಸ್‌ನ ಎಥನಾಲ್ ಮಾದರಿಯನ್ನು 2023ರ ಆಗಸ್ಟ್‌ನಲ್ಲಿ ನಿತಿನ್ ಗಡ್ಕರಿ ಅನಾವರಣ ಮಾಡಿದ್ದು ಈ ದಿಕ್ಕಿನಲ್ಲೇ. ಆದರೆ ಕಬ್ಬು, ಭತ್ತ, ಮೆಕ್ಕೆಜೋಳಕ್ಕೆ ಬೇಕಾಗುವ ನೀರು ಮತ್ತು ಹೊಲದ ಲೆಕ್ಕವನ್ನು ಆಗ ಯಾರಾದರೂ ಹಾಕಬೇಕಾಗುತ್ತದೆ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೀಗಾಗಿ ಕಂಪನಿಯ ಗುರಿಗಳು 2030ರವರೆಗೆ ಅದರ ವ್ಯಾಪಾರಕ್ಕೆ ಹೊಂದುವಂತಿವೆ, ಆಮೇಲೆ ಹೊಂದುವುದಿಲ್ಲ. ಕಷ್ಟದ ಭಾಗವೆಲ್ಲ ಕೊನೆಯ ಹದಿನೈದು ಇಪ್ಪತ್ತು ವರ್ಷಕ್ಕೆ ಉಳಿದಿದೆ. ಅಷ್ಟು ಹೊತ್ತಿಗೆ ಇಂದಿನ ಆಡಳಿತ ಮಂಡಳಿಯಲ್ಲಿ ಯಾರೂ ಇರುವುದಿಲ್ಲ.

ಕಾನೂನಿನ ಬಾಗಿಲಲ್ಲಿ

ಸ್ವಯಂಪ್ರೇರಿತ ಗುರಿ ತಪ್ಪಿದರೆ ದಂಡವಿಲ್ಲ. ಹೆಸರು ಕೆಡಬಹುದು, ಹೂಡಿಕೆದಾರರು ಗೊಣಗಬಹುದು. 2023ರ ಟೊಯೊಟ ವಾರ್ಷಿಕ ಸಭೆಯಲ್ಲಿ ಯುರೋಪಿನ ಕೆಲವು ಹೂಡಿಕೆದಾರರು, ಹವಾಮಾನ ಕಾನೂನುಗಳ ವಿಷಯದಲ್ಲಿ ಕಂಪನಿ ನಡೆಸುವ ಲಾಬಿಯ ಬಗ್ಗೆ ಹೆಚ್ಚಿನ ವಿವರ ಕೊಡಬೇಕು ಎಂದು ನಿರ್ಣಯ ತಂದರು. ಸಿಕ್ಕಿದ್ದು ಸುಮಾರು ಶೇ 15 ಮತ. ಅವರ ಸಿಟ್ಟಿಗೆ ಕಾರಣವಿತ್ತು. ಹವಾಮಾನ ನೀತಿಗಳಿಗೆ ಅಡ್ಡಗಾಲು ಹಾಕುವ ಕಂಪನಿಗಳ 2021ರ ಪಟ್ಟಿಯಲ್ಲಿ ಇನ್‌ಫ್ಲುಯೆನ್ಸ್‌ಮ್ಯಾಪ್ ಸಂಸ್ಥೆ ಟೊಯೊಟವನ್ನು ಎರಡು ತೈಲ ದೈತ್ಯರ ನಂತರದ ಸ್ಥಾನದಲ್ಲಿಟ್ಟಿತ್ತು. ಗ್ರಾಹಕನ ಆಯ್ಕೆ ಮತ್ತು ಆಯಾ ದೇಶದ ಪರಿಸ್ಥಿತಿಗೆ ತಕ್ಕ ನೀತಿ ಬೇಕು ಎನ್ನುವುದು ಕಂಪನಿಯ ನಿಲುವು.

ದಂಡ ಇರುವ ಕಡೆ ನಡೆ ಹೇಗಿರುತ್ತದೆ ನೋಡಿ. ಐರೋಪ್ಯ ಒಕ್ಕೂಟದಲ್ಲಿ 2025ರಿಂದ ಹೊರಸೂಸುವಿಕೆಯ ಮಿತಿ ಬಿಗಿಯಾಯಿತು. ಟೊಯೊಟ, ಸ್ಟೆಲಾಂಟಿಸ್, ಫೋರ್ಡ್ ಮುಂತಾದವು ಟೆಸ್ಲಾ ಜತೆ ಒಂದೇ ಗುಂಪಾಗಿ ಲೆಕ್ಕ ಕೊಡಲು ಮುಂದಾದವು. ಅಂದರೆ ಟೆಸ್ಲಾ ಕಾರುಗಳ ಶೂನ್ಯ, ಇವುಗಳ ಸರಾಸರಿಯನ್ನು ಇಳಿಸುತ್ತದೆ, ಅದಕ್ಕೆ ಟೆಸ್ಲಾಗೆ ಹಣ ಹೋಗುತ್ತದೆ. ಉದ್ಯಮದ ಒತ್ತಡಕ್ಕೆ ಮಣಿದು ಒಕ್ಕೂಟ ಆಮೇಲೆ ಒಂದು ವರ್ಷದ ಬದಲು ಮೂರು ವರ್ಷಗಳ ಸರಾಸರಿಗೆ ಒಪ್ಪಿತು. ಅಮೆರಿಕ ಇನ್ನೂ ಮುಂದೆ ಹೋಗಿ, 2025ರ ಜುಲೈನಲ್ಲಿ ಕಾರುಗಳ ಇಂಧನ ದಕ್ಷತೆ ನಿಯಮ ಮೀರಿದ್ದಕ್ಕಿದ್ದ ದಂಡವನ್ನೇ ಶೂನ್ಯ ಮಾಡಿತು. ಕಾನೂನು ಸಡಿಲವಾದ ಕಡೆಯೆಲ್ಲ ಸ್ವಯಂಪ್ರೇರಿತ ಗುರಿಗಳೂ ಸಡಿಲವಾದವು. ಇದು ಕಾಕತಾಳೀಯವಲ್ಲ. ಒಬ್ಬರು ಮಾತ್ರ ಖರ್ಚು ಮಾಡಿ ಉಳಿದವರು ಸುಮ್ಮನಿದ್ದರೆ ಖರ್ಚು ಮಾಡಿದವರ ಕಾರು ದುಬಾರಿಯಾಗುತ್ತದೆ. ಎಲ್ಲರಿಗೂ ಒಂದೇ ನಿಯಮವಿದ್ದಾಗ ಮಾತ್ರ ಆ ಹೆದರಿಕೆ ಇರುವುದಿಲ್ಲ.

ನಮ್ಮಲ್ಲಿ ಆ ನಿಯಮದ ಹೆಸರು ‘ಕೆಫೆ’. ಒಂದು ಕಂಪನಿ ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಸರಾಸರಿಗೆ ಮಿತಿ ಹಾಕುವ ವ್ಯವಸ್ಥೆ ಇದು. ಎರಡನೇ ಹಂತದ ಮಿತಿ ಕಿ.ಮೀ.ಗೆ ಸುಮಾರು 113 ಗ್ರಾಂ. ಮೂರನೇ ಹಂತ 2027ರ ಏಪ್ರಿಲ್‌ನಿಂದ ಎಂಬ ಯೋಜನೆ, ಅದರ ಕರಡಿನ ಮೇಲೇ ಜಗಳ. ಸಣ್ಣ, ಹಗುರ ಪೆಟ್ರೋಲ್ ಕಾರಿಗೆ ವಿನಾಯಿತಿ ಬೇಕು ಎನ್ನುವುದು ಮಾರುತಿ, ಬೇಡ ಎನ್ನುವುದು ಟಾಟಾ ಮತ್ತು ಮಹೀಂದ್ರ. ಹೈಬ್ರಿಡ್ ಮತ್ತು ಎಥನಾಲ್ ಕಾರುಗಳಿಗೆ ಲೆಕ್ಕದಲ್ಲಿ ಎಷ್ಟು ಹೆಚ್ಚಿನ ಅಂಕ ಎಂಬುದು ಟೊಯೊಟಕ್ಕೆ ಮುಖ್ಯವಾದ ಸಾಲು. ಎರಡನೇ ಹಂತದ ನಿಯಮದಲ್ಲೇ ಒಂದು ವಿದ್ಯುತ್ ಕಾರನ್ನು ಮೂರು ಎಂದೂ ಒಂದು ಪ್ರಬಲ ಹೈಬ್ರಿಡ್ಡನ್ನು (ಮೋಟಾರಿನಿಂದಲೇ ಸ್ವಲ್ಪ ದೂರ ಓಡಬಲ್ಲದ್ದು) ಎರಡು ಎಂದೂ ಎಣಿಸಲು ಅವಕಾಶವಿದೆ. ಇಂಥ ಗುಣಕ ಒಂದಿಷ್ಟು ಏರುಪೇರಾದರೂ ಯಾವ ಕಾರು ಹೆಚ್ಚು ತಯಾರಾಗುತ್ತದೆ ಎಂಬುದು ಬದಲಾಗುತ್ತದೆ. ಯಾವ ಪರಿಸರ ವರದಿಗೂ ಅಷ್ಟು ಶಕ್ತಿಯಿಲ್ಲ.

ಬಿಡದಿಗೆ ಇದರಿಂದ ಏನು

ಪ್ರಬಲ ಹೈಬ್ರಿಡ್‌ಗೆ ಒಳ್ಳೆಯ ಅಂಕ ಸಿಕ್ಕರೆ ಲಾಭ ನೇರವಾಗಿ ರಾಮನಗರ ಸೀಮೆಗೆ. ಹೈಕ್ರಾಸ್ ಮತ್ತು ಹೈರೈಡರ್ ತಯಾರಾಗುವುದು ಇಲ್ಲೇ. ಹೈಬ್ರಿಡ್‌ಗೆ ಬೇಕಾದ ವಿದ್ಯುತ್ ಚಾಲನಾ ಘಟಕಗಳನ್ನು ಬಳಗದ ಬಿಡಿಭಾಗ ಕಂಪನಿಯೂ ಇಲ್ಲೇ ಮಾಡುತ್ತದೆ. 2023ರ ನವೆಂಬರ್‌ನಲ್ಲಿ ₹3,300 ಕೋಟಿಯ ಮೂರನೇ ಘಟಕಕ್ಕೆ ರಾಜ್ಯ ಸರ್ಕಾರದೊಂದಿಗೆ ಒಪ್ಪಂದವೂ ಆಯಿತು. ಅಂಕ ವಿದ್ಯುತ್ ಕಾರಿನ ಕಡೆ ವಾಲಿದರೆ ಚಿತ್ರ ಬೇರೆ. ಭಾರತಕ್ಕಾಗಿ ಟೊಯೊಟ ಆರಿಸಿಕೊಂಡ ಮೊದಲ ವಿದ್ಯುತ್ ಕಾರು ಮಾರುತಿಯ ಇ-ವಿಟಾರಾದ ಜೋಡಿ, ತಯಾರಾಗುವುದು ಗುಜರಾತಿನ ಸುಜುಕಿ ಕಾರ್ಖಾನೆಯಲ್ಲಿ. ಸೌರ, ಪವನ ವಿದ್ಯುತ್ತಿನ ಲೆಕ್ಕದಲ್ಲಿ ನಡೆಯುವ ಬಿಡದಿಯಿಂದ ಹೊರಬರುವುದು ಪೆಟ್ರೋಲ್ ಹೈಬ್ರಿಡ್‌ಗಳು ಮತ್ತು ಡೀಸೆಲ್ ಫಾರ್ಚೂನರ್‌ಗಳು.

ಓದುಗರಿಗೆ ಇನ್ನೊಂದು ತೊಡಕೂ ಇದೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಮೊದಲ ಸಾವಿರ ಕಂಪನಿಗಳು ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡುವುದನ್ನು ಷೇರುಪೇಟೆ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಮಾರುತಿ, ಮಹೀಂದ್ರ, ಟಾಟಾ ಅದರಡಿ ಬರುತ್ತವೆ. ಟೊಯೊಟ ಕಿರ್ಲೋಸ್ಕರ್ ಪೇಟೆಯಲ್ಲಿ ನೋಂದಾಯಿತವಲ್ಲ, ಆದ್ದರಿಂದ ಬರುವುದಿಲ್ಲ. ಬಿಡದಿಯ ಬಗ್ಗೆ ಸಾರ್ವಜನಿಕರಿಗೆ ಸಿಗುವುದು ಬಹುಮಟ್ಟಿಗೆ ಕಂಪನಿ ತಾನಾಗಿ ಹೇಳಿದ್ದು. ಕೆಫೆ ಮೂರನೇ ಹಂತ ಜಾರಿಯಾದ ಮೇಲೆ ಪ್ರತಿ ಕಂಪನಿಯ ಸರಾಸರಿ ಗ್ರಾಂ ಎಷ್ಟು, ಎಷ್ಟು ಭಾಗ ನಿಜವಾದ ಕಡಿತದಿಂದ ಬಂತು, ಎಷ್ಟು ಗುಣಕದಿಂದ ಬಂತು ಎಂಬುದನ್ನು ಸರ್ಕಾರ ಬಿಡಿಬಿಡಿಯಾಗಿ ಪ್ರಕಟಿಸಿದರೆ, ಟೊಯೊಟದ 2030ರ ಶೇ 33ರಲ್ಲಿ ಭಾರತದ ಪಾಲು ಎಷ್ಟೆಂದು ಹೊರಗಿನವರೂ ಲೆಕ್ಕ ಹಾಕಬಹುದು.